ಹಗ್ಗ ತಲುಪದ ಮೂಲೆ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಮ್ಮ ಕಾರ್ಖಾನೆಯ ತಗಡಿನ ಚಾವಣಿ ಸದ್ದು ಮಾಡಲು ಶುರುಮಾಡುತ್ತದೆ. ಬಿಸಿಲಿಗೆ ತಗಡು ಹಿಗ್ಗುತ್ತದೆ, ಬೋಲ್ಟುಗಳ ಬಳಿ ಎಳೆದಾಡುತ್ತದೆ, ಅಷ್ಟೇ. ಟಕ್, ಟಕ್ ಎಂದು ದಕ್ಷಿಣದ ಕಡೆಯಿಂದ ಹೊರಟು ಉತ್ತರಕ್ಕೆ ಯಾರೋ ನಿಧಾನವಾಗಿ ನಡೆದುಹೋದ ಹಾಗೆ ಕೇಳಿಸುತ್ತದೆ. ಹೊಸದಾಗಿ ಸೇರಿದವರು ತಲೆಯೆತ್ತಿ ನೋಡುತ್ತಾರೆ, ಹಳಬರು ಅವರನ್ನು ನೋಡಿ ನಗುತ್ತಾರೆ. ನಾನು ಮೂವತ್ತು ವರ್ಷದ ಹಳಬ. ಈ ಸದ್ದಿನ ಕಾರಣವನ್ನು ಎಷ್ಟೋ ಜನಕ್ಕೆ ನಾನೇ ಬಿಡಿಸಿ ಹೇಳಿದ್ದೇನೆ. ಆದರೂ ಸದ್ದು ಈಶಾನ್ಯದ ಮೂಲೆಗೆ ಹತ್ತಿರವಾಗುವಾಗ ನನ್ನ ಕೈಯಲ್ಲಿನ ಕೆಲಸ ನಿಂತುಹೋಗುತ್ತದೆ. ಮೂಲೆಗೆ ಇನ್ನು ನಾಲ್ಕೈದು ಹೆಜ್ಜೆ ಇದೆ ಅನ್ನುವಾಗ ಸದ್ದೂ ನಿಲ್ಲುತ್ತದೆ. ನನಗೆ ಮಾತ್ರ ಹಾಗೆ ಕೇಳಿಸುತ್ತದೆಯೋ ಏನೋ. ಯಾರನ್ನೂ ಕೇಳುವ ಧೈರ್ಯ ಇದುವರೆಗೆ ಆಗಿಲ್ಲ.

ನಮ್ಮದು ಹೊಸೂರಿನಲ್ಲಿ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ನಡುಗಾತ್ರದ ಕಾರ್ಖಾನೆ. ಫಿಟ್ಟರ್ ಆಗಿ ಸೇರಿದೆ, ಮೆಂಟೆನೆನ್ಸ್ ಸೂಪರ್‌ವೈಸರ್ ಆದೆ, ಕೊನೆಗೆ ಬೇರೆ ಯಾರೂ ಬೇಡವೆಂದ ಸೇಫ್ಟಿಯ ಉಸ್ತುವಾರಿಯೂ ನನ್ನ ಕೊರಳಿಗೇ ಬಿತ್ತು. ನನ್ನ ಊರು ಹೊಸೂರಿನಿಂದ ತಳಿ ಎಂಬ ಊರಿಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಕನ್ನಡ, ಕಾರ್ಖಾನೆಯಲ್ಲಿ ತಮಿಳು, ಯಜಮಾನರ ಜೊತೆ ತೆಲುಗು, ಕಾಗದದ ಮೇಲೆ ಇಂಗ್ಲಿಷು. ಒಂದು ಭಾಷೆಯಲ್ಲಿ ಮಾಡಿದ ತಪ್ಪನ್ನು ಇನ್ನೊಂದು ಭಾಷೆಯಲ್ಲಿ ಮುಚ್ಚಿಡುವುದು ನಮ್ಮ ಕಡೆಯವರಿಗೆ ಸುಲಭ. ನಾನು ಮಾಡಿದ್ದೂ ಅದನ್ನೇ.

ಅಣ್ಣನ ವಿಷಯ ಮೊದಲು ಹೇಳಬೇಕು. ಅಣ್ಣ ಎಂದರೆ ಒಡಹುಟ್ಟಿದವನಲ್ಲ. ನಮ್ಮೂರಿನಿಂದ ಮೂರು ಮೈಲಿ ಆಚೆಯವನು, ನನಗಿಂತ ಏಳೆಂಟು ವರ್ಷ ದೊಡ್ಡವನು. ರಾಗಿ, ಬೀನ್ಸು ಬೆಳೆಯುತ್ತಿದ್ದ. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಹೊಸೂರಿಗೆ ಬಂದು ಕಾರ್ಖಾನೆಗಳ ಚಾವಣಿ ಹತ್ತುತ್ತಿದ್ದ. ಒಡೆದ ಶೀಟು ಬದಲಿಸುವುದು, ಸೋರುವ ಬೋಲ್ಟಿಗೆ ವಾಷರ್ ಹಾಕುವುದು, ಮುಂಗಾರಿಗೆ ಮುಂಚೆ ಚಾವಣಿಯ ಅಂಚಿನ ಗಟರಿನಿಂದ ಎಲೆ, ಮಣ್ಣು ಬಾಚಿ ತೆಗೆಯುವುದು ಅವನ ಕೆಲಸ. ಚಾವಣಿಯ ಮೇಲೆ ನಡೆಯುವುದನ್ನು ನನಗೆ ಕಲಿಸಿದವನು ಅವನೇ. ಮೊದಲ ದಿನ ಏಣಿಯ ತುದಿಯಲ್ಲಿ ಕಾಲು ನಡುಗುತ್ತಾ ನಿಂತಿದ್ದವನಿಗೆ ಚಪ್ಪಲಿ ಬಿಚ್ಚಿಡಲು ಹೇಳಿದ.

"ಶೀಟ್ ನೋಡ್ಬ್ಯಾಡ, ಬೋಲ್ಟ್ ನೋಡು. ಬೋಲ್ಟ್ ಸಾಲಿನ ಕೆಳ್ಗೆ ಕಬ್ಬಿಣ ಅದೆ. ಸಾಲು ಬಿಟ್ಟು ಕಾಲಿಕ್ಕಿದ್ರೆ ಅಷ್ಟೇ, ನೆಲ ಕರೀತದೆ ಕಣ್ಲಾ."

ನೆಲ ಕರೆಯುತ್ತದೆ ಎನ್ನುವುದು ಅವನ ಮಾತು. ಇವತ್ತಿಗೂ ನಾನು ಕಲ್ಯಾಣಮಂಟಪದ ಟೈಲ್ಸ್ ಮೇಲೆ ನಡೆಯುವಾಗ ಕೂಡ ಗೆರೆ ಹಿಡಿದು ನಡೆಯುತ್ತೇನೆ. ನನ್ನ ಹೆಂಡತಿ ಬೈದು ಬೈದು ಸಾಕಾಗಿ ಬಿಟ್ಟಿದ್ದಾಳೆ.

ಆಗಿನ ಕಾಲದ ರಕ್ಷಣೆ ಎಂದರೆ ಸೊಂಟಕ್ಕೊಂದು ಬೆಲ್ಟು, ಬೆಲ್ಟಿಗೊಂದು ಹಗ್ಗ. ಹಗ್ಗದ ಇನ್ನೊಂದು ತುದಿಯನ್ನು ಎಲ್ಲಿ ಸಿಕ್ಕರೆ ಅಲ್ಲಿಗೆ ಕಟ್ಟು ಎನ್ನುವುದೇ ನಿಯಮ. ಅಣ್ಣ ಬೆಲ್ಟನ್ನು ಎಲ್ಲರಿಗೂ ಕಾಣುವ ಹಾಗೆ ಬಿಗಿದುಕೊಂಡು ಹಗ್ಗದ ತುದಿಯನ್ನು ಚಡ್ಡಿ ಜೇಬಿಗೆ ತುರುಕುತ್ತಿದ್ದ. "ಮ್ಯಾನೇಜರ್ ಕಣ್ಗೆ ಬೆಲ್ಟ್ ಕಾಣ್ಬೇಕು, ಅಷ್ಟೇ ತಾನೆ" ಎನ್ನುತ್ತಿದ್ದ. ಆಮೇಲೆ ಸೊಂಟದ ಬೆಲ್ಟೇ ಅಪಾಯ, ಬಿದ್ದಾಗ ನಡು ಮುರಿಯುತ್ತದೆ ಎಂದು ಅದನ್ನು ನಿಲ್ಲಿಸಿದರು. ಭುಜ, ತೊಡೆ ಎಲ್ಲ ಸುತ್ತುವ ಪಟ್ಟಿಗಳು ಬಂದವು, ಎರಡು ಕೊಕ್ಕೆಗಳು ಬಂದವು. ಕೊಕ್ಕೆ ಬಂತು ಸರಿ, ಸಿಕ್ಕಿಸುವುದು ಎಲ್ಲಿಗೆ ಎಂಬ ಪ್ರಶ್ನೆ ಆಮೇಲೆ ಬಂತು. ಹದಿಮೂರು ವರ್ಷದ ಹಿಂದೆ, ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಯವರು ಬಂದು ಚಾವಣಿಯ ಮೇಲೆ ಶಾಶ್ವತವಾಗಿ ಕಬ್ಬಿಣದ ಕಂಬ ನೆಟ್ಟು ತಂತಿಹಗ್ಗ ಎಳೆಯಲೇಬೇಕು, ಇಲ್ಲವಾದರೆ ಆರ್ಡರ್ ಇಲ್ಲ ಎಂದರು. ಆ ಕೆಲಸ ಮಾಡಿಸುವ ಜವಾಬ್ದಾರಿ ನನಗೆ ಬಂತು. ನನಗೆ ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅದಕ್ಕೆ ಒಂದು ವರ್ಷ ಮುಂಚೆ ಇನ್ನೊಂದು ಕೆಲಸ ನಡೆದಿತ್ತು. ಕಾರ್ಖಾನೆಯನ್ನು ಕಟ್ಟಿದ ಹಿರಿಯ ಯಜಮಾನರಿಗೆ ವಾಸ್ತುವಿನಲ್ಲಿ ಬಲು ನಂಬಿಕೆ. ಯಾರೋ ವಾಸ್ತು ನೋಡುವವರು ಬಂದು, ಚಾವಣಿಯ ಮಳೆನೀರು ನೈಋತ್ಯಕ್ಕೆ ಹೋಗುತ್ತಿದೆ, ಅದಕ್ಕೇ ಲಕ್ಷ್ಮಿ ನಿಲ್ಲುತ್ತಿಲ್ಲ, ನೀರೆಲ್ಲ ಈಶಾನ್ಯಕ್ಕೆ ಹರಿಯಬೇಕು ಎಂದರು. ಗಟರಿನ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಬದಲಾಯಿಸಿದೆವು. ಅಷ್ಟುದ್ದದ ಚಾವಣಿಯ ನೀರೂ ಕಸವೂ ಈಶಾನ್ಯದ ಒಂದೇ ಒಂದು ಬಾಯಿಗೆ ಬಂದು ಸೇರತೊಡಗಿತು. ಕಟ್ಟಿಕೊಳ್ಳುವುದೂ ಅಲ್ಲೇ, ಬಾಚಬೇಕಾದದ್ದೂ ಅಲ್ಲೇ.

ಹಗ್ಗ ಎಳೆಯಲು ಕೊಯಮತ್ತೂರಿನಿಂದ ಬಂದವನು ಚಾವಣಿ ನೋಡಿ, ಕೊನೆಯ ಕಂಬ ಈಶಾನ್ಯದ ಮೂಲೆಯಲ್ಲೇ ಇರಲಿ ಎಂದ. ನಾನು ಚಾಕ್‌ಪೀಸಿನಲ್ಲಿ ಗುರುತು ಹಾಕಿಟ್ಟೆ. ಸಂಜೆ ಹಿರಿಯರು ಕಾರಿನಿಂದ ಇಳಿದು ನಕ್ಷೆ ತರಿಸಿಕೊಂಡರು. ಈಶಾನ್ಯ ದೇವರ ಜಾಗ, ಅದು ಹಗುರವಾಗಿರಬೇಕು, ಅದರ ತಲೆಯ ಮೇಲೆ ತೂತು ಕೊರೆದು ಕಬ್ಬಿಣ ನೆಡುವುದೇ ಎಂದು ಅವರ ಮುಖ ಸಪ್ಪಗಾಯಿತು. ಅವರು ಗದರಲಿಲ್ಲ, ಬಲವಂತ ಮಾಡಲಿಲ್ಲ. ಅಲ್ಲಿ ಕಂಬ ಬೇಕೇ ಬೇಕಾ, ನೀನೇ ಹೇಳು ಎಂದು ತೆಲುಗಿನಲ್ಲಿ ನನ್ನನ್ನು ಕೇಳಿದರು. ಕೊಯಮತ್ತೂರಿನವನಿಗೆ ತೆಲುಗು ಬರುತ್ತಿರಲಿಲ್ಲ. ಅವನು ನನ್ನ ಮುಖ ನೋಡುತ್ತಾ ನಿಂತಿದ್ದ.

"ಅಕ್ಕಡ ಅಂತ ಪನಿ ಉಂಡದು ಸಾರ್" ಎಂದೆ. ಅಲ್ಲಿ ಅಷ್ಟೇನೂ ಕೆಲಸ ಇರುವುದಿಲ್ಲ ಎಂದು.

ಇರುವ ಕೆಲಸವೆಲ್ಲ ಅಲ್ಲೇ ಎಂದು ನನಗೆ ಗೊತ್ತಿತ್ತು. ಆದರೆ ಆ ವರ್ಷ ನಾನೂ ಮನೆ ಕಟ್ಟಿಸುತ್ತಿದ್ದೆ. ಅಡುಗೆಮನೆ ಆಗ್ನೇಯಕ್ಕೆ ಸರಿಯಾಗಿ ಬರಲಿಲ್ಲವೆಂದು ಎದ್ದಿದ್ದ ಗೋಡೆಯನ್ನು ಕೆಡವಿಸಿದ್ದೆ, ಈಶಾನ್ಯದಲ್ಲಿ ದೇವರ ಮನೆ ಮಾಡಿಸಿದ್ದೆ. ಹಿರಿಯರ ಭಯ ನನ್ನದೂ ಆಗಿತ್ತು. ಅವರ ಮೇಲೆ ತಪ್ಪು ಹೊರಿಸಿ ನಾನು ಕೈ ತೊಳೆದುಕೊಳ್ಳುವ ಹಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೊನೆಯ ಕಂಬ ಮೂಲೆಗೆ ಹನ್ನೆರಡು ಅಡಿ ಈಚೆಗೇ ನಿಂತಿತು. ಕೊಕ್ಕೆಯ ಪಟ್ಟಿ ಆರಡಿ ಉದ್ದ, ಬಗ್ಗಿ ಚಾಚಿದರೆ ಮನುಷ್ಯನ ತೋಳು ಮೂರಡಿ. ಲೆಕ್ಕ ಹಾಕಲು ಫಿಟ್ಟರೇ ಆಗಬೇಕಿಲ್ಲ. ಹಗ್ಗಕ್ಕೆ ಸಿಕ್ಕಿಸಿಕೊಂಡವನಿಗೆ ಗಟರಿನ ಬಾಯಿ ಮೂರಡಿ ದೂರದಲ್ಲೇ ಉಳಿಯುತ್ತಿತ್ತು.

ಮೊದಲ ಸಲ ಆ ಹಗ್ಗ ಹಿಡಿದು ಗಟರು ಬಾಚಲು ಹತ್ತಿದಾಗ ಅಣ್ಣ ಮೇಲಿನಿಂದಲೇ ಕೂಗಿದ್ದ. "ಲೇ, ರೋಪ್ ಇಲ್ಲೇ ಮುಗ್ದೋಯ್ತಲ್ಲಾ. ಇನ್ನೊಂದ್ ಕಂಬ ನೆಡ್ಸಿದ್ರೆ ನಿಮ್ಮಪ್ಪನ ಗಂಟು ಹೋಗಿರದಾ?"

"ಮುಂದಿನ್ ವರ್ಸ ನೋಡಾನ ಅಣ್ಣ" ಎಂದಿದ್ದೆ. ಮುಂದಿನ ವರ್ಷ ಬಂತು, ಹಾಗೇ ಹೋಯಿತು. ಅವನು ಆ ಜಾಗದಲ್ಲಿ ಕೊಕ್ಕೆ ಬಿಚ್ಚುತ್ತಿದ್ದ, ನಾಲ್ಕೈದು ಹೆಜ್ಜೆ ನಡೆಯುತ್ತಿದ್ದ, ಬಾಚಿ ಮುಗಿಸಿ ವಾಪಸ್ ಬಂದು ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದ. ನಾನು ಕೆಳಗೆ ನಿಂತು ನೋಡುತ್ತಿದ್ದೆ.

ಮೂರನೆಯ ವರ್ಷ ಗಟರಿನ ಬಾಯಲ್ಲಿ ಒಂದು ಅರಳಿ ಸಸಿ ಬೆಳೆದಿತ್ತು. ಅರಳಿಯನ್ನು ಕೀಳಲು ನಮ್ಮ ಕಡೆ ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಅಣ್ಣ ಕೊಕ್ಕೆ ಬಿಚ್ಚಿ ಮೂಲೆಗೆ ಹೋದ. ಬಗ್ಗುವ ಮೊದಲು ಸಸಿಗೆ ಎರಡೂ ಕೈ ಮುಗಿದದ್ದು ನನಗೆ ಕೆಳಗಿನಿಂದ ಕಾಣಿಸಿತು. ಆಮೇಲೆ ಬುಡ ಹಿಡಿದು ಎಳೆದ, ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದ, ಬೇರು ಸಮೇತ ಒಮ್ಮೆಲೇ ಕಿತ್ತುಕೊಂಡು ಬಂತು. ಸಸಿಯ ಜೊತೆಯಲ್ಲೇ ಅವನೂ ಬಂದ. ಪಂಪ್‌ಶೆಡ್ಡಿನ ಸೂರಿಗೆ ಬಡಿದು ಕಾಂಕ್ರೀಟಿನ ಮೇಲೆ ಬಿದ್ದ. ನಾನು ಓಡಿಹೋದಾಗ ಸಸಿ ಇನ್ನೂ ಅವನ ಕೈಯಲ್ಲೇ ಇತ್ತು. "ಕಾಲು ಎಲ್ಲಿವೆ ನೋಡ್ಲಾ" ಎಂದ. ಕಾಲುಗಳು ಅಲ್ಲೇ ಇದ್ದವು. ಅವನಿಗೆ ಗೊತ್ತಾಗುತ್ತಿರಲಿಲ್ಲ.

ಬೆನ್ನುಮೂಳೆ ಮುರಿದಿತ್ತು. ಜೀವ ಉಳಿಯಿತು, ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯ ಖರ್ಚನ್ನು ಕಂಪನಿ ನೋಡಿಕೊಂಡಿತು. ಅಪಘಾತದ ಫಾರಂ ತುಂಬಿದವನು ನಾನು. ಕಾರಣ ಎಂಬ ಕಾಲಂನಲ್ಲಿ, ಕೆಲಸಗಾರನು ಸುರಕ್ಷತಾ ಕೊಕ್ಕೆಯನ್ನು ತಾನಾಗಿಯೇ ಬಿಚ್ಚಿದ್ದರಿಂದ ಎಂದು ಇಂಗ್ಲಿಷಿನಲ್ಲಿ ಬರೆದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಬಿಚ್ಚಿದ್ದು ಅವನೇ. ಯಾಕೆ ಬಿಚ್ಚಿದ ಎಂದು ಕೇಳುವ ಕಾಲಂ ಆ ಕಾಗದದಲ್ಲಿ ಇರಲಿಲ್ಲ, ಇಲ್ಲದ ಕಾಲಂ ಹಾಕಿ ಬರೆಯುವಷ್ಟು ಗಂಡಸೂ ನಾನಾಗಿರಲಿಲ್ಲ. ಫಾರಂ ಕೊಡಲು ಕೃಷ್ಣಗಿರಿಯ ಸರ್ಕಾರಿ ಕಚೇರಿಗೆ ನಾನೇ ಹೋದೆ. ಮಾವಿನ ಕಾಲ. ದಾರಿಯುದ್ದಕ್ಕೂ ಲಾರಿಗಳಲ್ಲಿ ಹಣ್ಣು ಘಮ್ಮೆನ್ನುತ್ತಿತ್ತು. ಈಗಲೂ ಮನೆಯಲ್ಲಿ ಮಾವಿನಹಣ್ಣು ಕೊಯ್ದರೆ ನಾನು ಅಂಗಳಕ್ಕೆ ಹೋಗಿ ಕೂರುತ್ತೇನೆ.

ಆಮೇಲೆ ಏಣಿಯ ಬಳಿ ಬೋರ್ಡು ಹಾಕಿದರು, ಕೊಕ್ಕೆ ಬಿಚ್ಚಬೇಡಿ ಎಂದು ಮೂರು ಭಾಷೆಯಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆ ಮೂಲೆಯ ಗಟರನ್ನು ಬಾಚಲು ಮುಂಗಾರಿಗೆ ಮುಂಚೆ ಆಳನ್ನು ಕೆಳಗಿನಿಂದ ಎತ್ತುವ ಯಂತ್ರವನ್ನು ಬಾಡಿಗೆಗೆ ತರಿಸತೊಡಗಿದೆವು. ಮೂರಡಿ ಹಾಗೇ ಉಳಿಯಿತು. ಅಲ್ಲಿಗೆ ಯಾರೂ ನಡೆದು ಹೋಗದ್ದರಿಂದ ಯಾರಿಗೂ ಅದು ಕಾಣಲಿಲ್ಲ.

ಎರಡು ವರ್ಷ ಕಳೆದ ಮೇಲೆ ಮಾರ್ಚಿನ ಸುರಕ್ಷತಾ ವಾರಕ್ಕೆ ಯಾರನ್ನಾದರೂ ಭಾಷಣಕ್ಕೆ ಕರೆಸಬೇಕು ಎಂದು ಮಾತಾಯಿತು. ಬಿದ್ದವನನ್ನೇ ಕರೆಸಿದರೆ ಜನರ ಮನಸ್ಸಿಗೆ ನಾಟುತ್ತದೆ ಎಂದು ಮ್ಯಾನೇಜರ್ ಹೇಳಿದರು. ಕೇಳಿಕೊಂಡು ಬಂದವನು ನಾನೇ. ಅಣ್ಣ ಒಪ್ಪಿದ. ಒಪ್ಪಿದ್ದು ಮಾತ್ರವಲ್ಲ, ಖುಷಿಪಟ್ಟ. ಕಂಪನಿಯ ವ್ಯಾನು ಅವನ ಮನೆ ಬಾಗಿಲಿಗೆ ಹೋಗುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿ, ಗಾಲಿಕುರ್ಚಿಯಲ್ಲಿ ಸೆಟೆದು ಕೂತು ಬರುತ್ತಿದ್ದ. ಎಲ್ಲರಿಗೂ ತಿಳಿಯಲಿ ಎಂದು ತಮಿಳಿನಲ್ಲಿ ಮಾತಾಡುತ್ತಿದ್ದ. ಬೋಲ್ಟ್ ಸಾಲಿನಿಂದ ಶುರುಮಾಡಿ, ಹಗ್ಗದ ತುದಿಯನ್ನು ಜೇಬಿಗಿಟ್ಟ ಕಥೆ ಹೇಳಿ ನಗಿಸಿ, ಅರಳಿ ಸಸಿಯ ತನಕ ಬಂದು ದನಿ ತಗ್ಗಿಸುತ್ತಿದ್ದ. "ನಾನ್‌ದಾನ್ ಕಳಟ್ಟಿನೇನ್" ಎನ್ನುತ್ತಿದ್ದ, ನಾನೇ ಬಿಚ್ಚಿದೆ ಎಂದು. ಯಾರ ಮೇಲೂ ತಪ್ಪಿಲ್ಲ, ನನ್ನ ಕೊಬ್ಬು, ನೀವು ಹಾಗೆ ಮಾಡಬೇಡಿ ಎನ್ನುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಒಂಬತ್ತು ವರ್ಷ ಹೀಗೇ ನಡೆಯಿತು. ಪ್ರತಿ ಸಲವೂ ಅವನಿಗೆ ಶಾಲು ಹೊದಿಸಿದ ಕೈ ನನ್ನದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲು ಮುಟ್ಟಿಕೊಳ್ಳುವ ಕೆಲಸ ದಿನಾ ಬೆಳಗ್ಗೆ ಮನೆಯಲ್ಲೇ ಶುರುವಾಗುತ್ತದೆ. ದೇವರ ಮನೆ ಇರುವುದು ಈಶಾನ್ಯದಲ್ಲಿ. ಹೆಂಡತಿ ದೀಪ ಹಚ್ಚಿ ಕರೆದಾಗ ಹೋಗಿ ನಿಲ್ಲುತ್ತೇನೆ, ಕೈ ಮುಗಿಯಲು ಆಗುವುದಿಲ್ಲ. ಎರಡೂ ಕೈ ಸೇರಿದ ಕೂಡಲೇ ಸೂರಂಚಿನಲ್ಲಿ ಕೈ ಮುಗಿದು ನಿಂತ ಅಣ್ಣ ಕಾಣುತ್ತಾನೆ. ಅದಕ್ಕೇ ಒಂದು ಕೈಯಲ್ಲಿ ಗಂಟೆ ಹಿಡಿದುಕೊಂಡುಬಿಡುತ್ತೇನೆ. ನಿಮಗೆ ಈಚೆಗೆ ಭಕ್ತಿ ಜಾಸ್ತಿಯಾಯಿತು ಎಂದು ಅವಳು ತಮಾಷೆ ಮಾಡುತ್ತಾಳೆ. ಯಾವ ಊರಿಗೆ ಹೋದರೂ ಕಟ್ಟಡದ ಈಶಾನ್ಯ ಯಾವುದೆಂದು ನನ್ನ ಕಣ್ಣು ಹುಡುಕುತ್ತದೆ. ಅಲ್ಲಿ ಯಾರೋ ಬಗ್ಗಿದ್ದಾರೆ ಎನಿಸುತ್ತದೆ, ಸರಿಯಾಗಿ ನೋಡಿದರೆ ನೀರಿನ ಟ್ಯಾಂಕೋ ಒಣಹಾಕಿದ ಬಟ್ಟೆಯೋ ಆಗಿರುತ್ತದೆ.

ಅಣ್ಣನ ಮನೆಗೆ ಹೋಗುವುದು ಅದಕ್ಕಿಂತ ಕಷ್ಟ. ಅವನು ಜಗಲಿಯ ಮಂಚದ ಮೇಲೆ ಕೂತು ಸೇವಂತಿಗೆ ಕಟ್ಟುತ್ತಿರುತ್ತಾನೆ. ಅತ್ತಿಗೆ ಪಾಲಿಹೌಸಿನಲ್ಲಿ ಗುಲಾಬಿ ಕೊಯ್ಯಲು ಹೋಗಿ ಬಂದು, ಅವನನ್ನು ಎತ್ತಿ, ತೊಳೆದು, ಹೊರಳಿಸಿ ಮಲಗಿಸಬೇಕು. ಅವಳು ಕೆಟ್ಟ ಹೆಂಗಸಲ್ಲ. ಆದರೆ ಕೈ ಕೆಲಸ ಮಾಡುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. "ಹುಕ್ಕು ಬಿಚ್ಚಬ್ಯಾಡ ಅಂತ ಊರಿಗೆಲ್ಲ ಹೇಳಾಕೆ ಓಯ್ತಾನೆ ಈವಯ್ಯ. ಅವತ್ತು ಇವನ್ಗೆ ಬುದ್ಧಿ ಎಲ್ಲೋಗಿತ್ತು? ನನ್ನ ನಡ ಮುರಿಯಾಕೆ ಬಿಚ್ದ, ಇನ್ಯಾತಕ್ಕೂ ಅಲ್ಲ" ಎಂದು ನನ್ನ ಮುಂದೆಯೇ ಹೇಳುತ್ತಿದ್ದಳು. ಅಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ಹೂವು ಕಟ್ಟುತ್ತಿದ್ದ. ಅವಳು ಕೊಟ್ಟ ಕಾಫಿಯನ್ನು ನಾನು ಕುಡಿದು ಬರುತ್ತಿದ್ದೆ. ಇದಕ್ಕಿಂತ ನಾಚಿಕೆಗೆಟ್ಟ ಕೆಲಸ ನಾನು ಮಾಡಿದ್ದು ನೆನಪಿಲ್ಲ.

ಕಳೆದ ವರ್ಷದ ಕೊನೆಗೆ ನಿಯಮ ಮತ್ತೆ ಬದಲಾಯಿತು. ಮಾಲು ಕೊಳ್ಳುವವರು ತಪಾಸಣೆಯ ಹೊಸ ಪ್ರಶ್ನೆಪಟ್ಟಿ ಕಳಿಸಿದರು. ಹಿಂದೆ ಹಗ್ಗ ಗಟ್ಟಿಯಿದೆಯೇ, ಕಂಬ ಅಲ್ಲಾಡುತ್ತದೆಯೇ ಎಂದು ಕೇಳುತ್ತಿದ್ದರು, ನಾನು ಜಗ್ಗಿ ನೋಡಿ ಸಹಿ ಹಾಕುತ್ತಿದ್ದೆ. ಈಗ ಕೇಳುವುದೇ ಬೇರೆ. ಏಣಿಯಿಂದ ಹೊರಟವನು ಕೆಲಸದ ಜಾಗ ಮುಟ್ಟಿ ವಾಪಸ್ ಬರುವವರೆಗೆ ಒಂದು ಕ್ಷಣವೂ ಕೊಕ್ಕೆ ಬಿಚ್ಚದೆ ಇರಲು ಆಗುತ್ತದೆಯೇ ಎಂದು ಕೇಳುತ್ತಾರೆ. ಬಿಚ್ಚಲೇಬೇಕಾಗಿ ಬಂದರೆ ಕೊರತೆ ವ್ಯವಸ್ಥೆಯದ್ದು, ಮನುಷ್ಯನದ್ದಲ್ಲ. ಸಾಧ್ಯವಿರುವ ಕಡೆ ಅಂಚಿಗೆ ಸೊಂಟದೆತ್ತರದ ಕಂಬಿಯ ಕಟಕಟೆ ಹಾಕಿಬಿಡಿ, ಕೊಕ್ಕೆಯ ತಂಟೆಯೇ ಬೇಡ ಎನ್ನುತ್ತಾರೆ. ನೋಡಲು ಹೊರಗಿನಿಂದಲೇ ಒಬ್ಬರು ಬರಬೇಕು, ಒಳಗಿನವರ ಸಹಿ ನಡೆಯುವುದಿಲ್ಲ.

ಬಂದದ್ದು ಚಿಕ್ಕ ವಯಸ್ಸಿನ ಒಬ್ಬ ಹೆಣ್ಣುಮಗಳು, ಇಂಜಿನಿಯರ್. ತಾನೇ ಮೇಲೆ ಹತ್ತಿ ಕೊಕ್ಕೆ ಸಿಕ್ಕಿಸಿಕೊಂಡು ಅಂಚಿನುದ್ದಕ್ಕೂ ನಡೆದಳು. ನಾನು ಹಿಂದೆ ಹೋದೆ. ಕೊನೆಯ ಕಂಬದ ಬಳಿ ನಿಂತು ಪಟ್ಟಿಯನ್ನು ಬಿಗಿಯಾಗಿ ಎಳೆದು, ಗಟರಿನ ಬಾಯಿಯ ಕಡೆ ಕೈ ಚಾಚಿದಳು. ಕೈ ಗಾಳಿಯಲ್ಲೇ ನಿಂತಿತು. ಇಲ್ಲಿಗೆ ಹೇಗೆ ಹೋಗುತ್ತೀರಿ ಎಂದು ತಮಿಳಿನಲ್ಲಿ ಕೇಳಿದಳು. ಯಾರೂ ಹೋಗುವುದಿಲ್ಲ, ಕೆಳಗಿನಿಂದ ಯಂತ್ರ ತರಿಸುತ್ತೇವೆ ಎಂದೆ. ಯಾವಾಗಿನಿಂದ ಎಂದಳು. ಒಬ್ಬರು ಬಿದ್ದ ಮೇಲೆ ಎಂದೆ. ಬಾಯಿಪಾಠದ ಹಾಗೆ ಮುಂದಿನ ಮಾತೂ ಬಂದುಬಿಟ್ಟಿತು, ಅವರೇ ಕೊಕ್ಕೆ ಬಿಚ್ಚಿದ್ದರು ಎಂದೆ.

ಅವಳು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. "ಬಿಚ್ಚದೆ ಹೋಗೋದು ಹೇಗೆ ಸಾರ್?" ಎಂದಳು.

ಆಪಾದನೆ ಮಾಡಿದ ದನಿಯಲ್ಲ. ನಿಜವಾಗಿಯೂ ಕೇಳಿದ್ದಳು. ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಬೋಲ್ಟ್ ಸಾಲಿನ ಮೇಲೆ ಕೂತುಬಿಟ್ಟೆ. ಬಿಸಿಲಾ ಸಾರ್, ನೀರು ಬೇಕಾ ಎಂದಳು.

ಅವಳು ನಕ್ಷೆಯಲ್ಲಿ ಆ ಮೂಲೆಗೆ ಕೆಂಪು ಸುತ್ತು ಹಾಕಿ ಕೊಟ್ಟುಹೋದಳು. ಹಿರಿಯ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈಗ ಕಾರ್ಖಾನೆ ನಡೆಸುವ ಅವರ ಮೊಮ್ಮಗ ನಕ್ಷೆಯನ್ನು ನೋಡಿ, ತಾತನ ಕಾಲದ್ದು ಅದೆಲ್ಲ, ಹಾಕಿಸಿ ಎಂದರು. ಅಂಚಿಗೆ ಕಟಕಟೆ ಬಂತು, ಮೂಲೆಗೆ ಕಂಬ ಬಂತು. ಆ ಕಂಬ ಕೂರಿಸುವಾಗ ನಾನು ಗಡಿಯಾರ ನೋಡಿದೆ. ಒಂದು ಗಂಟೆಯೂ ಹಿಡಿಯಲಿಲ್ಲ.

ಫೆಬ್ರುವರಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಆ ನಕ್ಷೆಯನ್ನು ಮಡಚಿಕೊಂಡು ಅಣ್ಣನ ಮನೆಗೆ ಹೋದೆ. ಅತ್ತಿಗೆ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮಾರ್ಚಿನ ಕರೆಗೆ ಬಂದಿದ್ದೇನೆ ಎಂದುಕೊಂಡು ಅಣ್ಣ ಹಿಗ್ಗಿದ. "ಯಾವತ್ತು ಬತ್ತದೆ ವ್ಯಾನು? ಅಂಗಿ ಒಂದು ಹೊಲ್ಸವ್ಳೆ ನಿಮ್ಮತ್ತಿಗೆ, ಕಾಲರ್ ಸರಿಯಿಲ್ಲ" ಎಂದ. ನಾನು ಅವನ ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ನಕ್ಷೆಯನ್ನು ಹಾಸಿದೆ. ಕಂಬಗಳನ್ನು ಒಂದೊಂದಾಗಿ ಬೆರಳಿನಿಂದ ತೋರಿಸಿದೆ, ಕೆಂಪು ಸುತ್ತನ್ನು ತೋರಿಸಿದೆ. ಹಿರಿಯರು ಏನು ಕೇಳಿದರು, ನಾನು ಏನೆಂದೆ, ಫಾರಂನಲ್ಲಿ ಏನು ಬರೆದೆ ಎಲ್ಲವನ್ನೂ ಹೇಳಿದೆ. ಬಿಚ್ಚಿದ್ದು ನೀನಾದರೂ ಬಿಚ್ಚಿಸಿದ್ದು ನಾನು ಎಂದೆ. ಹೇಳುವಾಗ ಅವನ ಮುಖ ನೋಡಲಿಲ್ಲ, ಅವನ ಕಾಲುಗಳನ್ನು ನೋಡುತ್ತಿದ್ದೆ. ಸಣ್ಣಗಾಗಿ, ಬೇರೆ ಯಾರದೋ ಕಾಲುಗಳ ಹಾಗೆ ಕಂಬಳಿಯ ಕೆಳಗೆ ಬಿದ್ದಿದ್ದವು.

ಅಂಗಳದಲ್ಲಿ ಮೊರದ ಸದ್ದು ನಿಂತಿತ್ತು.

ಅಣ್ಣ ಕೆಂಪು ಸುತ್ತಿನ ಮೇಲೆ ಬೆರಳಿಟ್ಟ. ಬೈಯಲಿ, ಉಗಿಯಲಿ ಎಂದು ಕಾಯುತ್ತಿದ್ದೆ.

"ಹಂಗಾದ್ರೆ ಈ ಸಲ ನಾನು ಬರಾದು ಬ್ಯಾಡ್ವೇನ್ಲಾ?" ಎಂದ.

ಇಂಥ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲೇ ಇಲ್ಲ. ವರ್ಷಕ್ಕೊಮ್ಮೆ ವ್ಯಾನಿನಲ್ಲಿ ಬಂದು, ನಾಲ್ಕು ನೂರು ಜನಕ್ಕೆ ಬುದ್ಧಿ ಹೇಳಿ, ಶಾಲು ಹೊದ್ದು ಹೋಗುವುದೊಂದೇ ಅವನು ಹೊರಗೆ ಹೋಗಿ ಮಾಡುವ ಕೆಲಸವಾಗಿತ್ತು. ಹೇಳಲು ಅವನಿಗೆ ಇದ್ದದ್ದು ತನ್ನ ತಪ್ಪೊಂದೇ. ಅದನ್ನೂ ನಾನು ಕಿತ್ತುಕೊಂಡಿದ್ದೆ.

ಅತ್ತಿಗೆ ಮೊರ ಹಿಡಿದುಕೊಂಡೇ ಜಗಲಿಗೆ ಬಂದಳು. ಅವಳು ಅಳಲಿಲ್ಲ, ದನಿಯನ್ನೂ ಎತ್ತಲಿಲ್ಲ. "ಹನ್ನೊಂದು ವರ್ಸ ನಾನು ಈವಯ್ಯನ್ನ ಅಂದೀನಲ್ಲಪ್ಪಾ. ಹೇಲು ಉಚ್ಚೆ ತೊಳೀವಾಗೆಲ್ಲ ಅಂದಿವ್ನಿ. ನೀನು ಇಲ್ಲೇ ಕುಂತು ಕಾಪಿ ಕುಡ್ದೆ, ಎಲ್ಲಾನೂ ಕೇಳ್ದೆ. ಅಷ್ಟೂ ಮಾತ ಈಗ ಯಾರು ವಾಪಸ್ ತಗಂತಾರೆ?"

ಅವಳು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಆವತ್ತು ಕಾಫಿ ಇಲ್ಲ. ಅಣ್ಣ ನಕ್ಷೆಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡ, ವಾಪಸ್ ಕೊಡಲಿಲ್ಲ. ಜೀಪಿಗೆ ಕಾಯುತ್ತಾ ನಿಂತಿದ್ದಾಗ ಎದೆ ಹಗುರಾಗಿದೆಯೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಆಗಿರಲಿಲ್ಲ. ನನ್ನ ಹೊರೆಯನ್ನು ಇಳಿಸಿ ಅತ್ತಿಗೆಯ ತಲೆಯ ಮೇಲಿಟ್ಟು ಬಂದಿದ್ದೆ.

ಮಾರ್ಚಿನಲ್ಲಿ ವ್ಯಾನನ್ನು ಕಳಿಸಿದೆ, ಬಂದರೆ ಬರಲಿ ಎಂದು. ಅಣ್ಣ ಬಂದ. ಈ ಸಲ ಅತ್ತಿಗೆಯೂ ಜೊತೆಗಿದ್ದಳು, ಅದುವರೆಗೆ ಒಮ್ಮೆಯೂ ಬಂದವಳಲ್ಲ. ಗಾಲಿಕುರ್ಚಿಯನ್ನು ಯಾರ ಕೈಗೂ ಕೊಡದೆ ತಾನೇ ತಳ್ಳಿಕೊಂಡು ಬಂದಳು. ನನ್ನನ್ನು ನೋಡಿದರೂ ನೋಡದ ಹಾಗೆ ಮುಂದಿನ ಸಾಲಿನಲ್ಲಿ ಕೂತಳು. ಯಜಮಾನರ ಮೊಮ್ಮಗ, ಮ್ಯಾನೇಜರು, ಎರಡು ಶಿಫ್ಟಿನ ಜನ, ಒಡಿಶಾ, ಬಿಹಾರದಿಂದ ಬಂದ ಗುತ್ತಿಗೆಯವರು ಎಲ್ಲ ಸೇರಿದ್ದರು. ನಾನು ಶಾಲು ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಅಣ್ಣ ಎಂದಿನ ಹಾಗೇ ತಮಿಳಿನಲ್ಲಿ ಶುರುಮಾಡಿದ. ಬೋಲ್ಟ್ ಸಾಲು ಬಂತು, ಜೇಬಿನಲ್ಲಿ ಹಗ್ಗದ ತುದಿ ಬಂತು, ಜನ ನಕ್ಕರು. ಕಂಬ ನೆಟ್ಟದ್ದನ್ನು ಹೇಳಿದ, ತಂತಿಹಗ್ಗ ಎಳೆದದ್ದನ್ನು ಹೇಳಿದ. ಅರಳಿ ಸಸಿಯನ್ನು ಕೀಳಲು ಹೋದೆ, ಹಗ್ಗ ಮುಗಿಯುವ ಜಾಗಕ್ಕೆ ಬಂದೆ ಎಂದು ಹೇಳಿ ನಿಲ್ಲಿಸಿದ. ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿದು ನನ್ನ ಕಡೆ ತಿರುಗಿದ. ನಮ್ಮ ಮಾತಿನಲ್ಲೇ ಹೇಳಿದ.

"ಇಲ್ಲಿಂದ ಮುಂದಕ್ಕೆ ನೀನೇಳ್ಲಾ."

ಕೋಪವಿರಲಿಲ್ಲ ಅವನ ದನಿಯಲ್ಲಿ. ಏಣಿಯ ತುದಿಯಲ್ಲಿ ನಡುಗುತ್ತಾ ನಿಂತವನಿಗೆ ಹೆಜ್ಜೆ ಇಡು ಎಂದವನ ದನಿಯೇ. ಮೈಕನ್ನು ನನ್ನ ಕಡೆ ಚಾಚಿ ಹಿಡಿದಿದ್ದ. ಮೊಮ್ಮಗ ಕುರ್ಚಿಯಲ್ಲಿ ನೇರವಾದರು. ಅತ್ತಿಗೆ ಮೊದಲ ಸಲ ನನ್ನ ಮುಖವನ್ನೇ ನೋಡಿದಳು. ಶಾಲನ್ನು ಮೇಜಿನ ಮೇಲಿಟ್ಟು ಹೋಗಿ ಮೈಕು ತೆಗೆದುಕೊಂಡೆ. ಅದರ ವಯರು ಉದ್ದವಿರಲಿಲ್ಲ, ಅವನ ಕುರ್ಚಿಗೆ ಒತ್ತಿಕೊಂಡೇ ನಿಲ್ಲಬೇಕಾಯಿತು. ಎಲ್ಲರಿಗೂ ತಿಳಿಯುವ ಹಾಗೆ ತಮಿಳಿನಲ್ಲಿ, ಆ ಮೂಲೆಯಲ್ಲಿ ಕಂಬ ಬೇಡವೆಂದು ಹೇಳಿದವನು ನಾನು ಎಂದು ಶುರುಮಾಡಿದೆ.